ಹಳೆಯ ಗಣಕದಿಂದ ಹೊಸ ಭಂಡಾರಕ್ಕೆ

ಗ್ರಂಥಸಂಪಾದನೆಯ ವಿದ್ಯಾರ್ಥಿ ಮೊದಲು ಕಲಿಯುವ ಪಾಠವೆಂದರೆ ಕೈಗೆ ಬಂದ ಪ್ರತಿಯನ್ನು ಕೂಡಲೇ ನಂಬಬಾರದು ಎಂಬುದು. ಓಲೆಗರಿಯ ಪ್ರತಿಯಾದರೆ ಅದರ ಲಿಪಿಕಾರ ಯಾರು, ಅವನ ಮುಂದಿದ್ದ ಮಾತೃಕೆ ಯಾವುದು, ತಾನು ಬರೆಯುತ್ತಿದ್ದ ಭಾಷೆಯನ್ನು ಅವನು ಎಷ್ಟರಮಟ್ಟಿಗೆ ಬಲ್ಲವನಾಗಿದ್ದ ಎಂದು ಕೇಳುತ್ತೇವೆ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿಕೊಂಡು ಬಂದ ನಮ್ಮಂಥವರಿಗೆ ಈ ಪ್ರಶ್ನೆಗಳು ರೂಢಿಯಾಗಿಬಿಟ್ಟಿವೆ. ಆದರೆ ಗಣಕಯಂತ್ರದಲ್ಲಿ ಉಳಿದಿರುವ ಕನ್ನಡವನ್ನು ಮಾತ್ರ ನಾವು ಹೀಗೆ ಪ್ರಶ್ನಿಸುವುದಿಲ್ಲ. ಯಂತ್ರಕ್ಕೆ ನಿದ್ದೆ ಬರುವುದಿಲ್ಲ, ಕಣ್ಣು ಮಂಜಾಗುವುದಿಲ್ಲ. ಆದ್ದರಿಂದ ಅದು ಮಾಡಿದ ಪ್ರತಿಯಲ್ಲಿ ದೋಷವಿರಲಾರದೆಂದು ಭಾವಿಸುತ್ತೇವೆ. ಪುಣೆಯಲ್ಲಿ ಒಂದು ಶಬ್ದಸಂಗ್ರಹವನ್ನು ಮೂರು ಹಳೆಯ ಗಣಕಗಳಿಂದ ಹೊಸದೊಂದು ಸರ್ವರಿಗೆ ಸಾಗಿಸುವ ಕೆಲಸದಲ್ಲಿ ಪಾಲುಗೊಂಡ ಮೇಲೆ ಈ ಭಾವನೆಯನ್ನು ಪರೀಕ್ಷಿಸಿಕೊಳ್ಳಬೇಕಾಯಿತು. ಆ ಅನುಭವವನ್ನು ಕನ್ನಡದ ವಿದ್ಯಾರ್ಥಿಗಳ ಮುಂದಿಡುವುದು ಪ್ರಸ್ತುತ ಬರಹದ ಉದ್ದೇಶ.

ಈ ಪ್ರಸಂಗ ಪುಣೆಯಲ್ಲಿ ನಡೆಯಿತೆಂಬುದಕ್ಕೆ ಒಂದು ಔಚಿತ್ಯವಿದೆ. ಮರಾಠಿ ಮನೆಮಾತಿನ ಬೇಂದ್ರೆಯವರು ಕಲಿತದ್ದು ಇಲ್ಲಿಯ ಫರ್ಗ್ಯುಸನ್ ಕಾಲೇಜಿನಲ್ಲಿ. ಭಾರತೀಯ ಪಾಠವಿಮರ್ಶೆಯ ತತ್ತ್ವಗಳನ್ನು ಕುರಿತು 1941ರಲ್ಲಿಯೇ ಪುಸ್ತಕ ಬರೆದ ಎಸ್. ಎಂ. ಕತ್ರೆಯವರು ದುಡಿದದ್ದು ಇಲ್ಲಿಯ ಡೆಕ್ಕನ್ ಕಾಲೇಜಿನಲ್ಲಿ. ಅವರು 1948ರಲ್ಲಿ ಆರಂಭಿಸಿದ ಸಂಸ್ಕೃತ ಮಹಾಕೋಶದ ಯೋಜನೆಗಾಗಿ ಸಂಗ್ರಹವಾದ ಚೀಟಿಗಳ ಸಂಖ್ಯೆ ಸುಮಾರು ಒಂದು ಕೋಟಿ. ಅದೇ ನಗರದಲ್ಲಿ 1988ರಲ್ಲಿ ಸಿ-ಡ್ಯಾಕ್ ಸ್ಥಾಪನೆಯಾಯಿತು. ಕಾನ್ಪುರದ ಐಐಟಿಯಲ್ಲಿ ರೂಪುಗೊಂಡಿದ್ದ ಜಿಸ್ಟ್ ತಂತ್ರಜ್ಞಾನ ಅಲ್ಲಿಗೆ ಬಂದು, ಇಂಗ್ಲಿಷನ್ನಷ್ಟೇ ಬಲ್ಲ ಗಣಕಗಳಿಗೆ ಭಾರತೀಯ ಲಿಪಿಗಳನ್ನು ಕಲಿಸುವ ಕಾರ್ಡಾಗಿ ಪ್ರಚಾರಕ್ಕೆ ಬಂತು. ಚೀಟಿಯ ಕಾಲವೂ ಗಣಕದ ಕಾಲವೂ ಒಂದೇ ಊರಿನಲ್ಲಿ ಕೆಲವೇ ಮೈಲಿಗಳ ಅಂತರದಲ್ಲಿ ಒಂದನ್ನೊಂದು ಸಂಧಿಸಿದವು.

ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಈ ಎರಡೂ ಕಾಲಗಳಿಗೆ ಸೇರಿದವರು. ಮನೆಮಾತು ಮರಾಠಿ, ಸೊಲ್ಲಾಪುರದ ಕಡೆಯ ಬಾಲ್ಯದಿಂದಾಗಿ ಕನ್ನಡವೂ ಅಷ್ಟೇ ಸಲೀಸು. ಮರಾಠಿಗೆ ಕನ್ನಡದಿಂದ ಸಂದ ಶಬ್ದಗಳನ್ನೂ ಎರಡು ಭಾಷೆಗಳೂ ಹಂಚಿಕೊಂಡಿರುವ ಶಬ್ದಗಳನ್ನೂ ಅವರು ಜೀವಮಾನವೆಲ್ಲ ಕೂಡಿಹಾಕಿದರು. ತುಪ್ಪದ ಪಕ್ಕದಲ್ಲಿ ‘ತೂಪ’, ಹುಡುಕು ಎಂಬುದರ ಪಕ್ಕದಲ್ಲಿ ‘ಹುಡಕಣೇ’, ಅಡಕೊತ್ತಿನ ಪಕ್ಕದಲ್ಲಿ ‘ಅಡಕಿತ್ತಾ’, ಹೀಗೆ ಸಾವಿರಾರು ಜೋಡಿಗಳು. ಮೊದಲು ಅಂಚೆ ಕಾರ್ಡಿನ ಅಳತೆಯ ಚೀಟಿಗಳಲ್ಲಿ ಬರೆದರು. 1992ರ ಸುಮಾರಿಗೆ ಜಿಸ್ಟ್ ಕಾರ್ಡಿನ ಗಣಕವೊಂದು ಅವರ ಕೋಣೆಗೆ ಬಂದ ಮೇಲೆ ಸಂಜೆಯ ವೇಳೆ ಒಂದೊಂದು ಚೀಟಿಯನ್ನೂ ಡಿಬೇಸ್ ಎಂಬ ಕಾರ್ಯಕ್ರಮದಲ್ಲಿ ತುಂಬುತ್ತ ಹೋದರು. ನಾನು ಪಿಎಚ್.ಡಿ. ಮುಗಿಸಿ ಪುಣೆಗೆ ಬಂದಾಗ ಆ ಕೆಲಸ ಅರ್ಧ ದಾಟಿತ್ತು.

ಆ ಯಂತ್ರದ ಒಂದು ಗುಣ ಅವರಿಗೆ ತುಂಬ ಮೆಚ್ಚಿಕೆಯಾಗಿತ್ತು. ಪರದೆಯ ಮೇಲೆ ಕನ್ನಡ ಲಿಪಿಯಲ್ಲಿರುವ ಶಬ್ದವನ್ನು ಒಂದು ಕೀಲಿ ಒತ್ತಿದರೆ ದೇವನಾಗರಿಯಲ್ಲಿ ನೋಡಬಹುದಿತ್ತು. ಮತ್ತೆ ಒತ್ತಿದರೆ ಕನ್ನಡಕ್ಕೆ ಮರಳಬಹುದಿತ್ತು. ಮರಾಠಿ ವಿದ್ಯಾರ್ಥಿ ಬಂದರೆ ನಾಗರಿ, ನಾನು ಹೋದರೆ ಕನ್ನಡ. “ನೋಡ್ರಿ, ಲಿಪಿ ಅಂಬೋದು ಬರೇ ಅಂಗಿ, ಒಳಗಿನ ಮೈ ಒಂದೇ” ಎಂದು ನಗುತ್ತಿದ್ದರು. ಈ ಸೌಲಭ್ಯಕ್ಕೆ ಕಾರಣವಾದದ್ದು ‘ಇಸ್ಕಿ’ ಎಂಬ ಸಂಕೇತ ವ್ಯವಸ್ಥೆ. ಭಾರತೀಯ ಮಾನಕ ಸಂಸ್ಥೆ ಇದನ್ನು 1991ರಲ್ಲಿ ಐಎಸ್ 13194 ಎಂಬ ಮಾನಕವಾಗಿ ಪ್ರಕಟಿಸಿತು. ಗಣಕಕ್ಕೆ ಅಕ್ಷರ ತಿಳಿಯದು, ಅಂಕಿ ಮಾತ್ರ ತಿಳಿಯುತ್ತದೆ. ಎಂಟು ಬಿಟ್ಟುಗಳಲ್ಲಿ ಅಡಗುವ 256 ಸ್ಥಾನಗಳಲ್ಲಿ ಮೊದಲರ್ಧವನ್ನು ಇಂಗ್ಲಿಷಿಗೆ ಬಿಟ್ಟು, ಉಳಿದರ್ಧದಲ್ಲಿ ಭಾರತೀಯ ವರ್ಣಮಾಲೆಯನ್ನು ಇಸ್ಕಿ ಕೂರಿಸಿತು. ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳಿಗೆಲ್ಲ ವರ್ಣಮಾಲೆಯ ಕ್ರಮ ಸಮಾನವಾದುದರಿಂದ ಎಲ್ಲಕ್ಕೂ ಒಂದೇ ಅಂಕಿ ಕೊಟ್ಟಿತು. ಕನ್ನಡದ ಕಕಾರಕ್ಕೂ ನಾಗರಿಯ ಕಕಾರಕ್ಕೂ 179. ನಮ್ಮ ಶಿಕ್ಷಾಶಾಸ್ತ್ರದ ವರ್ಗೀಕರಣವನ್ನು ಯಂತ್ರಕ್ಕೆ ಅಳವಡಿಸಿದ ಈ ಕ್ರಮ ಸುಂದರವಾದದ್ದೆಂಬುದರಲ್ಲಿ ಸಂದೇಹವಿಲ್ಲ.

ಸಂಗ್ರಹ ಅಚ್ಚಾಗಲಿಲ್ಲ. ‘ಇನ್ನೊಂದು ಸಲ ನೋಡಬೇಕು’ ಎನ್ನುತ್ತಲೇ ಅವರು ನಿವೃತ್ತರಾದರು. ಚೀಟಿಗಳ ಪೆಟ್ಟಿಗೆಗಳು ಮನೆಗೆ ಹೋದವು. ಗಣಕ ನಮ್ಮ ವಿಭಾಗದ ಮೂಲೆಯಲ್ಲಿ ಉಳಿಯಿತು. 2019ರ ಸೆಪ್ಟೆಂಬರ್ 25ರ ರಾತ್ರಿ ಪುಣೆಯ ದಕ್ಷಿಣ ಭಾಗದಲ್ಲಿ ಸುರಿದ ಮಳೆಗೆ ಅಂಬಿಲ್ ಓಢಾ ಎಂಬ ಹಳ್ಳ ಉಕ್ಕಿ ದಂಡೆಯ ವಸತಿಗಳಿಗೆ ನುಗ್ಗಿತು. ನೆಲಮಹಡಿಯಲ್ಲಿದ್ದ ಅವರ ಪೆಟ್ಟಿಗೆಗಳು ಒಂದೇ ರಾತ್ರಿಯಲ್ಲಿ ಕೆಸರಿನ ಮುದ್ದೆಯಾದವು. ಎರಡು ವರ್ಷಗಳ ಅನಂತರ ಅವರೂ ತೀರಿಕೊಂಡರು. ಮಗಳು ವಿಭಾಗಕ್ಕೆ ಬಂದು, “ಅಪ್ಪನದು ಇನ್ನೇನಾದರೂ ಉಳಿದಿದೆಯೇ, ಸರ್?” ಎಂದು ಕೇಳಿದರು. ಉಳಿದದ್ದು ಆ ಹಳೆಯ ಗಣಕದೊಳಗಿನ ಪ್ರತಿ ಒಂದೇ. ಗ್ರಂಥಸಂಪಾದಕರ ಮಾತಿನಲ್ಲಿ ಹೇಳುವುದಾದರೆ ಅದೀಗ ಏಕೈಕ ಪ್ರತಿ.

2022ರಲ್ಲಿ ನಮ್ಮಲ್ಲಿಗೆ ಹೊಸ ಸರ್ವರ್ ಬಂದಿತ್ತು. ಎಲ್ಲರ ಕಡತಗಳನ್ನೂ ಒಂದೆಡೆ ಇಟ್ಟುಕೊಂಡು ಕೇಳಿದವರಿಗೆ ಕೊಡುವ ಭಂಡಾರವದು. ದಿನವೂ ತನ್ನ ಪ್ರತಿಯೊಂದನ್ನು ತಾನೇ ಬೇರೆಡೆ ತೆಗೆದಿಡುತ್ತದೆ. ಒಂದು ಡಿಸ್ಕ್ ಕೆಟ್ಟರೂ ಇನ್ನೊಂದರಲ್ಲಿ ವಿಷಯ ಉಳಿಯುತ್ತದೆ. ಸಂಗ್ರಹವನ್ನು ಅಲ್ಲಿಗೆ ಸೇರಿಸಿದರೆ ಸಾಕೆಂದು ತೋರಿತು. ಆದರೆ ಜಿಸ್ಟ್ ಕಾರ್ಡಿನ ಡಾಸ್ ಗಣಕಕ್ಕೆ ಜಾಲದ ಸಂಪರ್ಕವೇ ಇರಲಿಲ್ಲ. ಫ್ಲಾಪಿಗಳನ್ನು ತೆಗೆದು ನೋಡಿದರೆ ಪುಣೆಯ ಇಪ್ಪತ್ತೈದು ಮಳೆಗಾಲಗಳ ಬೂಷ್ಟು. ಎರಡನೆಯದು ವಿಂಡೋಸ್ 98ರ ಗಣಕ, ಮೂರನೆಯದು ವಿಂಡೋಸ್ ಎಕ್ಸ್‌ಪಿಯದು. ಇವೆರಡಕ್ಕೂ ಜಾಲದ ಸಂಪರ್ಕವಿತ್ತು. ಕೆಲವು ಕಡತಗಳ ನಂತರದ ಪ್ರತಿಗಳೂ ಇವುಗಳಲ್ಲಿದ್ದವು. ಆದರೂ ಹೊಸ ಸರ್ವರ್ ಇವುಗಳನ್ನು ಒಳಗೆ ಬಿಡಲಿಲ್ಲ.

ಕಾರಣವನ್ನು ಗಣಕ ಪ್ರಯೋಗಾಲಯದ ತರುಣನೊಬ್ಬ ವಿವರಿಸಿದ. ಎರಡು ಯಂತ್ರಗಳು ಕಡತವನ್ನು ಕೊಟ್ಟು ತೆಗೆದುಕೊಳ್ಳಬೇಕಾದರೆ ಮಾತುಕತೆಯ ನಿಯಮಾವಳಿಯೊಂದನ್ನು ಇಬ್ಬರೂ ಒಪ್ಪಿರಬೇಕು. ವಿಂಡೋಸ್ ಗಣಕಗಳ ನಡುವೆ ಈ ನಿಯಮಾವಳಿಗೆ ಎಸ್‌ಎಂಬಿ ಎಂದು ಹೆಸರು. ಇದರ ಮೊದಲ ಆವೃತ್ತಿ 1980ರ ದಶಕದ್ದು; ಹಳೆಯ ಯಂತ್ರಗಳಿಗೆ ಅದೊಂದೇ ಗೊತ್ತು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ದುಷ್ಟ ಕಾರ್ಯಕ್ರಮ ಈ ಮೊದಲ ಆವೃತ್ತಿಯ ದೌರ್ಬಲ್ಯವನ್ನು ಹಿಡಿದು ಜಗತ್ತಿನಾದ್ಯಂತ ಹಬ್ಬಿ, ಇಂಗ್ಲೆಂಡಿನ ಆಸ್ಪತ್ರೆಗಳ ಕೆಲಸವನ್ನೂ ನಿಲ್ಲಿಸಿತ್ತು. ಅದೇ ವರ್ಷದ ಕೊನೆಯ ಭಾಗದಿಂದ ಮೈಕ್ರೋಸಾಫ್ಟ್ ತನ್ನ ಹೊಸ ವ್ಯವಸ್ಥೆಗಳಲ್ಲಿ ಹಳೆಯ ಆವೃತ್ತಿಯನ್ನು ತಾನಾಗಿ ಅಳವಡಿಸುವುದನ್ನು ಬಿಟ್ಟಿತು. ಲಿನಕ್ಸ್ ಯಂತ್ರಗಳಲ್ಲಿ ಇದೇ ಕೆಲಸ ಮಾಡುವ ಸಾಂಬಾ ಕೂಡ 2019ರಲ್ಲಿ ಆ ದಾರಿ ಹಿಡಿಯಿತು. ಹಳಬನನ್ನು ಒಳಗೆ ಬಿಡಬೇಕಾದರೆ ಹೊಸ ಭಂಡಾರದ ಬಾಗಿಲಿನ ಅಗುಳಿಯನ್ನು ಸಡಿಲಿಸಬೇಕು. ಒಂದು ಸಂಗ್ರಹಕ್ಕಾಗಿ ಇಡೀ ಸಂಸ್ಥೆಯ ಕಡತಗಳನ್ನು ಅಪಾಯಕ್ಕೆ ಒಡ್ಡುವುದು ತರವಲ್ಲವೆಂದು ಅವನೆಂದ; ಅದು ಸರಿಯಾದ ಮಾತೇ.

ಅವನು ಕಂಡುಕೊಂಡ ಉಪಾಯ ಸರಳವಾಗಿತ್ತು. ಹಳೆಯವೂ ಅಲ್ಲದ ತೀರ ಹೊಸದೂ ಅಲ್ಲದ ಒಂದು ಸಣ್ಣ ಗಣಕದಲ್ಲಿ ಲಿನಕ್ಸ್ ಮತ್ತು ಸಾಂಬಾಗಳನ್ನು ಹಾಕಿ, ಅದನ್ನು ನಡುವೆ ನಿಲ್ಲಿಸಿದ. ಅದಕ್ಕೆ ಎರಡು ಸಂಪರ್ಕಗಳು. ಒಂದು ಕಡೆಯ ತಂತಿ ಹಳೆಯ ಯಂತ್ರಗಳಿಗೆ ಮಾತ್ರ. ಅತ್ತ ಹಳೆಯ ನಿಯಮದಲ್ಲಿ ಮಾತು. ಇನ್ನೊಂದು ಕಡೆಯ ತಂತಿ ಸರ್ವರಿಗೆ; ಇತ್ತ ಹೊಸ ನಿಯಮದಲ್ಲಿ ಮಾತು. ಹಳೆಯ ಯಂತ್ರಗಳಿಗೂ ಹೊರಗಿನ ಜಾಲಕ್ಕೂ ನೇರ ಸಂಬಂಧವೇ ಇಲ್ಲ. ಜಾಲವಿಲ್ಲದ ಡಾಸ್ ಗಣಕವನ್ನು ಸೀರಿಯಲ್ ಕೇಬಲಿನಿಂದ ವಿಂಡೋಸ್ 98ರ ಗಣಕಕ್ಕೆ ಜೋಡಿಸಿದ್ದಾಯಿತು. ಸೆಕೆಂಡಿಗೆ 9600 ಬಿಟ್ಟುಗಳ ವೇಗದಲ್ಲಿ ಒಂದು ಮೆಗಾಬೈಟ್ ದಾಟಲು ಹೆಚ್ಚುಕಡಿಮೆ 18 ನಿಮಿಷ. ಈಗಿನ ಕಾಲದಲ್ಲಿ ಒಂದು ಛಾಯಾಚಿತ್ರಕ್ಕೂ ಸಾಲದ ಆ ಗಾತ್ರಕ್ಕಾಗಿ ನಾವು ಚಹಾ ತರಿಸಿಕೊಂಡು ಕಾದು ಕುಳಿತೆವು. ಎರಡು ನುಡಿಗಳನ್ನು ಬಲ್ಲ ದುಭಾಷಿಯೊಬ್ಬ ನಡುವೆ ನಿಂತು ಹಳಬರ ಮಾತನ್ನೂ ಕೆಡಿಸದೆ, ಹೊಸಬರ ಕಟ್ಟಳೆಯನ್ನೂ ಮುರಿಯದೆ ಕೆಲಸ ಸಾಗಿಸುವುದನ್ನು ಗಡಿನಾಡಿನ ಸಂತೆಗಳಲ್ಲಿ ಕಂಡವರಿಗೆ ಈ ಏರ್ಪಾಡು ಹೊಸತೆನಿಸದು.

ದಾಟಿಬಂದ ಪ್ರತಿ ಸಮಗ್ರವಾಗಿದೆಯೇ ಎಂದು ತಿಳಿಯುವ ಕ್ರಮವೂ ನಮಗೆ ಪರಿಚಿತವಾದುದೇ. ಹಿಂದಿನ ಲಿಪಿಕಾರರು ಕೃತಿಯ ಕೊನೆಯಲ್ಲಿ 32 ಅಕ್ಷರಗಳಿಗೆ ಒಂದು ಗ್ರಂಥವೆಂಬ ಲೆಕ್ಕದಲ್ಲಿ ಒಟ್ಟು ಗ್ರಂಥಸಂಖ್ಯೆಯನ್ನು ಬರೆಯುತ್ತಿದ್ದರು. ಎಣಿಕೆ ತಪ್ಪಿದರೆ ಎಲ್ಲೋ ಸಾಲು ಬಿಟ್ಟುಹೋಗಿದೆಯೆಂದು ಅರ್ಥ. ಗಣಕದಲ್ಲಿಯೂ ಒಂದೊಂದು ಕಡತದ ಒಳಗನ್ನೆಲ್ಲ ಲೆಕ್ಕಹಾಕಿ ಒಂದು ಸಂಖ್ಯೆಯನ್ನು ಪಡೆಯುತ್ತಾರೆ. ಇಲ್ಲಿಯ ಸಂಖ್ಯೆಗೂ ಅಲ್ಲಿಯ ಸಂಖ್ಯೆಗೂ ತಾಳೆಯಾದರೆ ಪ್ರತಿ ಸಮಗ್ರ. ನಮ್ಮ ಎಲ್ಲ ಕಡತಗಳಿಗೂ ತಾಳೆಯಾಯಿತು. ಕಡತಗಳ ತಾರೀಖಿನಲ್ಲಿ ಮಾತ್ರ ಒಂದು ವಿಚಿತ್ರ ಕಂಡಿತು. ಹಲವು ಕಡತಗಳು 1980ರ ಜನವರಿ 1ರಂದು ರಚಿತವಾದಂತೆ ಹೇಳುತ್ತಿದ್ದವು. ಗಣಕದ ಒಳಗಿನ ಬ್ಯಾಟರಿ ಸತ್ತರೆ ಅದು ದಿನವನ್ನು ಮರೆಯುತ್ತದೆ. ಡಾಸ್‌ನ ಪಂಚಾಂಗ ಆರಂಭವಾಗುವುದೇ ಆ ದಿನದಿಂದ. ಜಿಸ್ಟ್ ಕಾರ್ಡು ಹುಟ್ಟುವ ಮೊದಲಿನ ಈ ತಾರೀಖನ್ನು ನಂಬುವಂತಿರಲಿಲ್ಲ. ಶಾಸನಗಳ ಕೂಟ ತಿಥಿಗಳನ್ನು ಕುರಿತು ಎಚ್ಚರದಿಂದಿರುವ ನಾವು ಇಂಥವುಗಳ ವಿಷಯದಲ್ಲಿಯೂ ಎಚ್ಚರದಿಂದಿರಬೇಕಾಗುತ್ತದೆ.

ಮುಂದಿನ ಹೆಜ್ಜೆ, ಇಸ್ಕಿಯ ಅಂಕಿಗಳನ್ನು ಈಗ ಬಳಕೆಯಲ್ಲಿರುವ ಯೂನಿಕೋಡಿಗೆ ಪರಿವರ್ತಿಸುವುದು. ಯೂನಿಕೋಡ್ ಭಾರತೀಯ ಲಿಪಿಗಳ ಜೋಡಣೆಯನ್ನು 1988ರ ಇಸ್ಕಿಯಿಂದಲೇ ಸ್ವೀಕರಿಸಿತಾದರೂ ಒಂದೊಂದು ಲಿಪಿಗೂ ಪ್ರತ್ಯೇಕ ಕೇರಿಯನ್ನು ಕಟ್ಟಿಕೊಟ್ಟಿತು. ಇಸ್ಕಿಯಲ್ಲಿ ಮಕಾರ 204, ರೇಫ 207. ಲಿಪಿ ಯಾವುದಾದರೂ ಸರಿಯೆ. ಯೂನಿಕೋಡಿನಲ್ಲಿ ಕನ್ನಡದ ಮಕಾರ 3246, ನಾಗರಿಯ ಮಕಾರ 2350. ತರುಣನು ಪರಿವರ್ತನೆಯ ಕಾರ್ಯಕ್ರಮ ಬರೆದು, ‘ಕನ್ನಡ ಸಂಗ್ರಹ’ವೆಂಬ ಹೆಸರಿನ ಆ ಕಡತಗಳನ್ನೆಲ್ಲ ಕನ್ನಡದ ಕೇರಿಗೆ ತಂದು ನಿಲ್ಲಿಸಿದ. ಪರದೆಯ ತುಂಬ ಮುತ್ತು ಪೋಣಿಸಿದಂಥ ಕನ್ನಡ ಅಕ್ಷರಗಳು. ಒಂದು ಬೈಟೂ ಕಳೆದಿಲ್ಲ, ಒಂದು ಅಕ್ಷರವೂ ಒಡೆದಿಲ್ಲ. ಕೆಲಸ ಮುಗಿಯಿತೆಂದು ಯಾರಿಗಾದರೂ ತೋರಬೇಕು.

ಓದತೊಡಗಿದಾಗ ಬೇರೆಯೇ ಸಂಗತಿ ಗೋಚರಿಸಿತು. ‘ಗಾಯ’ ಎಂಬ ಶಬ್ದದ ಮುಂದೆ ‘ಹಾಲು ಕೊಡುವ ಪ್ರಾಣಿ’ ಎಂಬ ಅರ್ಥವಿತ್ತು. ‘ಮರ’ ಎಂಬ ಶಬ್ದ ಎರಡು ಕಡೆ ಬಂದಿತ್ತು. ಒಂದು ಕಡೆ ವೃಕ್ಷ, ಇನ್ನೊಂದು ಕಡೆ ‘ಸಾಯಿ’ ಎಂಬ ವಿಧಿರೂಪ. ಮರಾಠಿಯಲ್ಲಿ ‘ಗಾಯ್’ ಎಂದರೆ ಆಕಳು, ‘ಮರ್’ ಎಂದರೆ ಸಾಯಿ. ಆ ಭಾಷೆಯಲ್ಲಿ ಕೊನೆಯ ಅಕಾರವನ್ನು ಉಚ್ಚರಿಸುವುದಿಲ್ಲ, ಆದರೆ ಬರಹದಲ್ಲಿ ಹಲಂತ ಚಿಹ್ನೆಯನ್ನೂ ಹಾಕುವುದಿಲ್ಲ. ಆದ್ದರಿಂದ ಇಸ್ಕಿಯ ಅಂಕಿಗಳಲ್ಲಿ ಕನ್ನಡದ ಮರವೂ ಮರಾಠಿಯ ಮರಣಾಜ್ಞೆಯೂ ಅಕ್ಷರಶಃ ಒಂದೇ. ಇನ್ನೂ ಸೂಕ್ಷ್ಮವಾದ ಅಪಾಯವಿದ್ದದ್ದು ‘ತೂಪ’ದಂಥ ಶಬ್ದಗಳಲ್ಲಿ. ‘ಗಾಯ’ವನ್ನು ಕಂಡ ಓದುಗ ನಕ್ಕು ತಿದ್ದಿಕೊಂಡಾನು. ಆದರೆ ಕನ್ನಡ ಲಿಪಿಯಲ್ಲಿ, ಕನ್ನಡದ ಕೇರಿಯಲ್ಲಿ ‘ತೂಪ’ ಎಂದು ಕಂಡದ್ದನ್ನು ಮುಂದಿನ ಸಂಶೋಧಕನೊಬ್ಬ ತುಪ್ಪದ ಪ್ರಾದೇಶಿಕ ಕನ್ನಡ ರೂಪವೆಂದು ಉಲ್ಲೇಖಿಸಿದರೆ? ಅದನ್ನಾಧರಿಸಿ ಇನ್ನೊಬ್ಬ ಧ್ವನಿನಿಯಮವೊಂದನ್ನು ಊಹಿಸಿದರೆ? ಯಾವುದು ಕನ್ನಡ, ಯಾವುದು ಮರಾಠಿ ಎಂದು ಬೇರ್ಪಡಿಸುವುದೇ ಆ ಹಿರಿಯರ ಜೀವಮಾನದ ಕೆಲಸವಾಗಿತ್ತು. ಸಮಗ್ರವಾಗಿ ಸಾಗಿಬಂದ ಪ್ರತಿಯಲ್ಲಿ ಆ ಭೇದವೇ ಅಳಿಸಿಹೋಗಿತ್ತು.

ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಚಾವುಂಡರಾಯನ ಹೆಸರು ಹೇಳುವ ಕಿರುಶಾಸನಗಳು ಕನ್ನಡ, ತಮಿಳು, ಮರಾಠಿ ಮೂರರಲ್ಲಿಯೂ ಇವೆ. ಮರಾಠಿಯ ಸಾಲುಗಳು ನಾಗರಿಯಲ್ಲಿವೆ, ಕನ್ನಡದವು ಕನ್ನಡ ಲಿಪಿಯಲ್ಲಿವೆ. ಯಾವ ಸಾಲು ಯಾವ ಭಾಷೆಯದೆಂದು ಕಲ್ಲೇ ಸಾಕ್ಷಿ ಹೇಳುತ್ತದೆ. ಇಸ್ಕಿಯ ಕರ್ತೃಗಳು ಈ ಸಮಸ್ಯೆಯನ್ನು ಅರಿಯದೆ ಇರಲಿಲ್ಲ. ಲಿಪಿ ಬದಲಾದ ಕಡೆ ಅದನ್ನು ಸೂಚಿಸಲು ಒಂದು ವಿಶೇಷ ಗುರುತನ್ನು ಅವರು ಮಾನಕದಲ್ಲಿಯೇ ಒದಗಿಸಿದ್ದರು. ನಮ್ಮ ಕಡತಗಳಲ್ಲಿ ಆ ಗುರುತು ಇರಲಿಲ್ಲ. ಬೇಕೆನಿಸಿದಾಗ ಕೀಲಿ ಒತ್ತಿ ಲಿಪಿ ಬದಲಿಸಿಕೊಳ್ಳುತ್ತಿದ್ದವರಿಗೆ ಅದರ ಅಗತ್ಯ ತೋರಿರಲಿಲ್ಲ. ಭೇದ ಅವರ ತಲೆಯಲ್ಲಿತ್ತು. ಬರೆದವನು ಬದುಕಿರುವ ತನಕ ಹೇಳದೆ ಬಿಟ್ಟದ್ದೂ ನಡೆಯುತ್ತದೆ. ಅವನಿಲ್ಲದಾಗ ಹೇಳದೆ ಬಿಟ್ಟದ್ದೇ ಸಮಸ್ಯೆಯಾಗುತ್ತದೆ. ಹಳಗನ್ನಡ ಕಾವ್ಯಗಳ ಎಷ್ಟೋ ಕ್ಲಿಷ್ಟಪಾಠಗಳ ಹಿಂದೆ ಇರುವುದೂ ಇದೇ ಅಲ್ಲವೆ?

ತರುಣನು ನನ್ನ ಕಡೆ ತಿರುಗಿ, “ಸರ್, ಹೇ ಕನ್ನಡ ಆಹೇ ಕೀ ಮರಾಠೀ?” ಎಂದು ಕೇಳಿದ. ಆ ಪ್ರಶ್ನೆಗೆ ಉತ್ತರ ಕೊಡುವ ತಂತಿಯಾಗಲಿ ನಿಯಮಾವಳಿಯಾಗಲಿ ಅವನ ಬಳಿ ಇರಲಿಲ್ಲ. ಇಲ್ಲಿಂದ ಮುಂದಿನದು ಭಾಷಾಭ್ಯಾಸಿಯ ಕೆಲಸ. ಮರಾಠಿ ಪ್ರಾಧ್ಯಾಪಕಿಯೊಬ್ಬರೂ ನಾನೂ ಕುಳಿತು ಅಂತರಂಗದ ಆಧಾರಗಳನ್ನು ಹುಡುಕತೊಡಗಿದೆವು. ಕನ್ನಡದಲ್ಲಿ ಹ್ರಸ್ವ ಎಕಾರ ಒಕಾರಗಳಿವೆ. ಮರಾಠಿಯ ಬರಹಕ್ಕೆ ಅವು ಬೇಡ. ಇಸ್ಕಿಯಲ್ಲಿ ಅವುಗಳಿಗೆ ಪ್ರತ್ಯೇಕ ಅಂಕಿಗಳಿರುವುದರಿಂದ ಅವು ಬಂದ ಶಬ್ದ ಕನ್ನಡವೆಂದು ಹಿಡಿಯಬಹುದಾಗಿತ್ತು. ಣಕಾರಕ್ಕೆ ದೀರ್ಘ ಏಕಾರ ಸೇರಿ ಮುಗಿಯುವುದು ಮರಾಠಿ ಧಾತುಗಳನ್ನು ಉಲ್ಲೇಖಿಸುವ ರೀತಿ. ಉಕಾರದಿಂದ ಮುಗಿಯುವ ದ್ವಿತ್ವಾಕ್ಷರದ ಶಬ್ದಗಳು ಬಹುಮಟ್ಟಿಗೆ ಕನ್ನಡ. ಳಕಾರವನ್ನು ಮಾತ್ರ ನೆಚ್ಚುವಂತಿಲ್ಲ, ಅದು ಎರಡರಲ್ಲಿಯೂ ಉಂಟು. ಇಂಥ ಲಕ್ಷಣಗಳನ್ನು ತರುಣನಿಗೆ ಹೇಳಿದೆವು. ಅವನು ಅವುಗಳನ್ನು ಕಾರ್ಯಕ್ರಮಕ್ಕೆ ಸೇರಿಸಿದ. ಹಿರಿಯರು ಒಮ್ಮೆ ಚುಕ್ಕಿಮುದ್ರಣ ಯಂತ್ರದಲ್ಲಿ ತೆಗೆಸಿ ನನಗೆ ಕೊಟ್ಟಿದ್ದ ಕೆಲವು ಹಾಳೆಗಳು ನಮ್ಮ ನಿಯಮಗಳನ್ನು ಪರೀಕ್ಷಿಸಿಕೊಳ್ಳಲು ಒದಗಿದವು. ಅದಾದ ಮೇಲೆಯೂ ಉಳಿದ ಶಬ್ದಗಳನ್ನು ಒಂದೊಂದಾಗಿ ಓದಿ ನಿರ್ಣಯಿಸಬೇಕಾಯಿತು.

ಇದರ ಫಲವಾಗಿ ಸರ್ವರಿನಲ್ಲಿ ಸಂಗ್ರಹದ ಸ್ವರೂಪವೇ ಬದಲಾಯಿತು. ಮೊದಲ ಅಂಕಣದಲ್ಲಿ ಹಳೆಯ ಗಣಕದಿಂದ ಬಂದ ಇಸ್ಕಿಯ ಅಂಕಿಗಳು ಇದ್ದ ಹಾಗೆಯೇ ಇವೆ. ಅವುಗಳನ್ನು ಯಾರೂ ಮುಟ್ಟುವಂತಿಲ್ಲ. ಎರಡನೆಯದರಲ್ಲಿ ನಾವು ಸ್ಥಾಪಿಸಿದ ಪಾಠ, ಅದರದೇ ಲಿಪಿಯಲ್ಲಿ. ಮೂರನೆಯದರಲ್ಲಿ ಆ ನಿರ್ಣಯಕ್ಕೆ ಆಧಾರವೇನು ಮತ್ತು ನಿರ್ಣಯಿಸಿದವರು ಯಾರು ಎಂಬ ವಿವರ. ಮೂಲಪಾಠ, ಸ್ವೀಕೃತಪಾಠ, ಅಡಿಟಿಪ್ಪಣಿ ಎಂಬ ಪರಿಷ್ಕರಣದ ಹಳೆಯ ಪದ್ಧತಿಗಿಂತ ಇದು ಭಿನ್ನವಲ್ಲ.

ಯಂತ್ರಲೋಕದಲ್ಲಿ ಒಮ್ಮೆ ಹೊಕ್ಕ ಅಪಪಾಠ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆಂಬುದಕ್ಕೆ ಹಳಗನ್ನಡದ ವಿದ್ಯಾರ್ಥಿಗಳು ತಿಳಿದಿರಬೇಕಾದ ನಿದರ್ಶನವೊಂದಿದೆ. ನಮ್ಮ ೞಕಾರಕ್ಕೆ ಯೂನಿಕೋಡಿನಲ್ಲಿ ಸ್ಥಾನವೇನೋ ಉಂಟು. ಆದರೆ ಅಲ್ಲಿ ಅದರ ಅಧಿಕೃತ ನಾಮಧೇಯ ‘ಕನ್ನಡ ಲೆಟರ್ ಫಾ’! ನಾಗರಿಯ ಕೇರಿಯಲ್ಲಿ ಅದಕ್ಕೆ ಸಮಾನವಾದ ಮನೆಯಲ್ಲಿರುವುದು ಉರ್ದು ಶಬ್ದಗಳಿಗಾಗಿ ಚುಕ್ಕಿ ಹಚ್ಚಿದ ಫಕಾರ. ಹೆಸರು ತಪ್ಪೆಂದು ಯೂನಿಕೋಡಿನವರೂ ಒಪ್ಪಿ ಟಿಪ್ಪಣಿ ಹಾಕಿದ್ದಾರೆ. ಆದರೆ ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ಅವರ ನಿಯಮದಿಂದಾಗಿ ಅದು ಹಾಗೆಯೇ ಉಳಿದಿದೆ. ಪಂಪನ ನುಡಿಯಲ್ಲಿ ಜೀವಂತವಾಗಿದ್ದ ಅಕ್ಷರವನ್ನು ಗಣಕಗಳು ಈ ಹೆಸರಿನಿಂದಲೇ ಗುರುತಿಸುತ್ತಿವೆ. ಮಾನಕ ರೂಪುಗೊಳ್ಳುವಾಗ ಭಾಷೆ ಬಲ್ಲವರು ಪಕ್ಕದಲ್ಲಿರಬೇಕು. ಅನಂತರ ಹೋದರೆ ಟಿಪ್ಪಣಿಯಷ್ಟೇ ನಮ್ಮ ಪಾಲಿಗೆ.

ಇದು ಪುಣೆಯ ಒಂದು ಸಂಗ್ರಹಕ್ಕೆ ಮಾತ್ರ ಸಂಬಂಧಿಸಿದ ವಿಚಾರವಲ್ಲ. 1990ರಿಂದ ಈಚೆಗೆ ಕನ್ನಡ ವಿಭಾಗಗಳಲ್ಲಿ ಸಿದ್ಧವಾದ ಮಹಾಪ್ರಬಂಧಗಳು, ಜಾನಪದ ಸಂಗ್ರಹಗಳು, ಶಾಸನಪಾಠಗಳು ಗಣಕದ ಮೂಲಕವೇ ಹಾದುಬಂದಿವೆ. ಅವುಗಳಲ್ಲಿ ಕೆಲವು ಶ್ರೀಲಿಪಿಯಲ್ಲಿ, ಕೆಲವು ಬರಹದಲ್ಲಿ, ಕೆಲವು ನುಡಿಯ ಮೊದಲ ಆವೃತ್ತಿಗಳಲ್ಲಿ. ಇವುಗಳ ಸಮಸ್ಯೆ ಇಸ್ಕಿಯದಕ್ಕಿಂತ ಬೇರೆ. ಇಲ್ಲಿ ಅಂಕಿ ನಿಂತಿರುವುದು ವರ್ಣಕ್ಕಲ್ಲ, ಅಚ್ಚಿನ ಮೊಳೆಯಂತೆ ಅಕ್ಷರದ ಚೂರುಗಳಿಗೆ. ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ ಇಂಗ್ಲಿಷಿನ ಅರ್ಥವಿಲ್ಲದ ಅಕ್ಷರಗಳು ಕಾಣುವುದನ್ನು ಎಲ್ಲರೂ ಬಲ್ಲೆವು. ಪರಿವರ್ತಕಗಳಿವೆ, ನಿಜ. ಆದರೆ ಒತ್ತಕ್ಷರವೊಂದು ಜಾರಿದ್ದನ್ನು, ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹೋದದ್ದನ್ನು ಪರಿವರ್ತಕ ಕಾಣದು. ಓದುವ ಕಣ್ಣೇ ಕಾಣಬೇಕು.

ಆದುದರಿಂದ ನನ್ನ ಸೂಚನೆಗಳು ಮಿತವಾದವು. ಹಳೆಯ ಗಣಕವನ್ನು ಗುಜರಿಗೆ ಹಾಕುವ ಮೊದಲು ಅದರೊಳಗಿನದನ್ನು ಭಾಷೆ ಬಲ್ಲವರೊಬ್ಬರು ಓದಲಿ. ಹೊಸ ಭಂಡಾರಕ್ಕೆ ಪರಿವರ್ತಿತ ಪಾಠದ ಜೊತೆಗೆ ಮೂಲದ ಕಡತವೂ ಹೋಗಲಿ. ಯಾವ ಯಂತ್ರ, ಯಾವ ತಂತ್ರಾಂಶ, ಯಾವ ಲಿಪಿ, ಯಾರು ತುಂಬಿದ್ದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಲಿ. ಓಲೆಗರಿಯ ಕೊನೆಯಲ್ಲಿ ಲಿಪಿಕಾರ ತಪ್ಪದೆ ಮಾಡುತ್ತಿದ್ದ ಕೆಲಸವಿದು. ಎಂ.ಎ. ತರಗತಿಯ ಗ್ರಂಥಸಂಪಾದನೆಯ ಪತ್ರಿಕೆಯಲ್ಲಿ ಓಲೆ, ಕಡತ, ಕಾಗದಗಳ ಸಾಲಿಗೆ ಗಣಕಪ್ರತಿಯೂ ಒಂದು ಘಟಕವಾಗಿ ಸೇರಲಿ.

ನಡುವೆ ನಿಂತ ಆ ಸಣ್ಣ ಗಣಕ ಈಗ ತನ್ನ ಕೆಲಸ ಮುಗಿಸಿ ಕಪಾಟು ಸೇರಿದೆ. ನಮ್ಮ ಕೆಲಸ ಮುಗಿದಿಲ್ಲ. ಮೂರನೆಯ ಅಂಕಣದಲ್ಲಿ ‘ಅನಿರ್ಣೀತ’ ಎಂಬ ಶಬ್ದ ಇನ್ನೂ ಹಲವೆಡೆ ಇದೆ. ಅಂಥ ಕಡೆಗಳಲ್ಲಿ ಎರಡೂ ಲಿಪಿಗಳ ಪಾಠವನ್ನು ಅಕ್ಕಪಕ್ಕ ಇಟ್ಟಿದ್ದೇವೆ. ಹಿರಿಯರ ಮಗಳು ತಿಂಗಳಿಗೊಮ್ಮೆ ಬಂದು, ತಂದೆ ಮನೆಯಲ್ಲಿ ಬಳಸುತ್ತಿದ್ದ ಮಾತುಗಳನ್ನು ನೆನಪಿಸಿಕೊಂಡು ಒಂದೆರಡನ್ನು ಬಿಡಿಸಿಕೊಡುತ್ತಾರೆ. ಎರಡೂ ಭಾಷೆಗಳನ್ನು ಬಲ್ಲ ವಿದ್ಯಾರ್ಥಿಗಳು ಬಿಜಾಪುರ, ಬೆಳಗಾವಿ, ಸೊಲ್ಲಾಪುರ, ಸಾಂಗಲಿಗಳ ಕಡೆ ಬೇಕಾದಷ್ಟು ಮಂದಿ ಇದ್ದಾರೆ. ಅವರಲ್ಲಿ ಯಾರಾದರೂ ರಜೆಯಲ್ಲಿ ಪುಣೆಗೆ ಬಂದರೆ ಕೂರಲು ಒಂದು ಕುರ್ಚಿ, ಓದಲು ಆ ಪಟ್ಟಿ ಸಿದ್ಧವಾಗಿವೆ.